ಬೆಳ್ಳಿ ಕೂತ ಜಾಗ

ಬಾಂಬ್ ಹುಡುಕುವ ನಾಯಿ ಬೊಗಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಸೇವೆಯಲ್ಲಿದ್ದಷ್ಟು ಕಾಲವೂ ಜನ ನನ್ನನ್ನು ಕೇಳಿದ್ದು ಅದನ್ನೇ. "ಏನ್ ಸಾರ್, ನಿಮ್ ನಾಯಿ ಬೊಗಳ್ತಾನೇ ಇಲ್ವಲ್ಲ, ಟ್ರೈನಿಂಗ್ ಆಗಿಲ್ವಾ?" ಮದ್ದಿನ ವಾಸನೆ ಸಿಕ್ಕರೆ ಅದು ಸುಮ್ಮನೆ ಕೂತುಬಿಡುತ್ತದೆ. ಕೆರೆದು, ಎಳೆದಾಡಿ, ಬೊಗಳಿ ರಂಪ ಮಾಡಿದರೆ ಸಿಡಿಯಬಾರದ್ದು ಸಿಡಿದೀತು, ಅದಕ್ಕೇ ಕೂರುವುದನ್ನು ಕಲಿಸಿರುತ್ತಾರೆ. ಬೀದಿಯಲ್ಲಿ ನಾಯಿ ಬೊಗಳಿದರೆ ನಿಮಗೆ ಹೆದರಿಕೆಯಾಗುತ್ತದೆ. ನನಗೆ ಮಾತ್ರ ನಾಯಿ ಸುಮ್ಮನೆ ಕೂತರೆ ಎದೆ ಧಸಕ್ಕೆನ್ನುತ್ತಿತ್ತು.

ನಾನು ಪೊಲೀಸ್ ಇಲಾಖೆಯ ಶ್ವಾನದಳದಲ್ಲಿ ನಾಯಿಯ ಹಗ್ಗ ಹಿಡಿದು ನಿವೃತ್ತನಾದವನು. ಜಾಲಹಳ್ಳಿಯಲ್ಲಿ ಹುಟ್ಟಿ ಬೆಳೆದೆ. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಈಗ ಅದೇ ಜಾಲಹಳ್ಳಿಯ ಗದ್ದಲವಿಲ್ಲದ ಬೀದಿಯೊಂದರಲ್ಲಿ, ಸಂಜೆ ವಾಕಿಂಗ್ ಹೋಗುವ ಮುದುಕರ ಪೈಕಿ ಒಬ್ಬನಾಗಿದ್ದೇನೆ. ದಳಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬರುತ್ತಾರೆ. ಯಂತ್ರಗಳ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳುವುದು ಒಂದೇ, "ಸಾರ್, ನೀವು ಎಷ್ಟು ಬಾಂಬ್ ಹಿಡಿದ್ರಿ?" ನನ್ನ ಉತ್ತರ ಕೇಳಿ ಅವರ ಮುಖ ಸಪ್ಪಗಾಗುತ್ತದೆ. ಕಾಫಿ ಕುಡಿದು ಎದ್ದು ಹೋಗುತ್ತಾರೆ. ಆಮೇಲೆ ನನಗೆ ಹೇಳಬೇಕಾದ್ದೆಲ್ಲ ನೆನಪಾಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶ್ವಾನದಳಕ್ಕೆ ಬಂದದ್ದು ಆಸೆಯಿಂದಲ್ಲ. ಠಾಣೆಯಲ್ಲಿದ್ದಾಗ ಸಾಹೇಬರೊಬ್ಬರಿಗೆ ಎದುರು ಮಾತಾಡಿದೆ. ಅವರು ಅಲ್ಲೇ ತೀರ್ಪು ಕೊಟ್ಟರು: "ರಂಗಸ್ವಾಮಿ, ನಿನಗೆ ಮನುಷ್ಯರ ಜೊತೆ ಆಗಲ್ಲ ಕಣಯ್ಯ. ಹೋಗು, ನಾಯಿಗಳ ಜೊತೆ ಇರು." ಬೈದು ಕಳಿಸಿದ್ದು ನನಗೆ ವರವಾಯಿತು. ಬೆಳಗ್ಗೆ ಎದ್ದರೆ ಸಲಾಮು ಹೊಡೆಯಬೇಕಾದ ಸಾಹೇಬರಿಲ್ಲ, ಬಾಲ ಆಡಿಸಿ ಕಾಯುವ ಜೀವವೊಂದಿದೆ. ಇಲಾಖೆಯಲ್ಲಿ ಇದಕ್ಕಿಂತ ದೊಡ್ಡ ಸುಖ ಬೇರೆ ಯಾರಿಗಿತ್ತು ಹೇಳಿ!

ಬೆಳ್ಳಿ ನನ್ನ ಕೈಗೆ ಬಂದಾಗ ಮಗುವಿನಂತಿದ್ದಳು. ಕಪ್ಪು ಲ್ಯಾಬ್ರಡಾರ್. ಕಪ್ಪು ನಾಯಿಗೆ ಬೆಳ್ಳಿ ಎಂದು ಹೆಸರಿಟ್ಟವನು ನಾನೇ. ಕಾಗದಪತ್ರದಲ್ಲಿ ಅವಳಿಗೊಂದು ಇಂಗ್ಲಿಷ್ ಹೆಸರಿತ್ತು. ಆ ಹೆಸರಿನಿಂದ ಕರೆದರೆ ಕಿವಿಯನ್ನೂ ಅಲುಗಿಸುತ್ತಿರಲಿಲ್ಲ. ಬೆಳಗಿನ ಜಾವ ಅವಳ ಮೈ ಉಜ್ಜಿ, ಕಿವಿ ನೋಡಿ, ಪಾದದಲ್ಲಿ ಮುಳ್ಳಿದೆಯೇ ಎಂದು ಬೆರಳು ಬಿಡಿಸಿ ನೋಡಿ, ಆಮೇಲೆ ಓಟ. ಅವಳ ಊಟ ಮುಗಿಯುವವರೆಗೆ ನನ್ನ ತಿಂಡಿ ಇಲ್ಲ. ಇದನ್ನು ಕಂಡ ನನ್ನ ಹೆಂಡತಿ, "ಮುಂದಿನ ಜನ್ಮ ಇದ್ರೆ ನಾನು ನಿಮ್ ಶ್ವಾನದಳದಲ್ಲೇ ಹುಟ್ತೀನಿ" ಎಂದು ಕಿಚಾಯಿಸುತ್ತಿದ್ದಳು.

ನಾಯಿಗೆ ಬಾಂಬ್ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚೆಂಡು. ಮದ್ದಿನ ವಾಸನೆಯ ಮುಂದೆ ಕೂತರೆ ಚೆಂಡು ಸಿಗುತ್ತದೆ, ಆಟ ಸಿಗುತ್ತದೆ, ಯಜಮಾನ ಕುಣಿದಾಡುತ್ತಾನೆ. ಅಷ್ಟಕ್ಕಾಗಿ ಅದು ದಿನವಿಡೀ ಮೂಸುತ್ತದೆ. ಆದರೆ ನಮ್ಮ ಪುಣ್ಯಕ್ಕೆ ಹೋದ ಕಡೆಯಲ್ಲೆಲ್ಲ ಮದ್ದು ಇರುವುದಿಲ್ಲ. ಮಾಲ್ ನೋಡಿದೆವು, ಏನಿಲ್ಲ. ಬಸ್ ಸ್ಟ್ಯಾಂಡ್ ನೋಡಿದೆವು, ಏನಿಲ್ಲ. ಹೀಗೆ ಏನೂ ಸಿಗದೆ ದಿನಗಳು ಉರುಳಿದರೆ ನಾಯಿಗೆ ಬೇಸರ ಹತ್ತುತ್ತದೆ. ಮೂಗು ನೆಲಕ್ಕಿದ್ದರೂ ಮನಸ್ಸು ಇರುವುದಿಲ್ಲ. ಅದಕ್ಕೆ ನಾವು ಒಂದು ರೂಢಿ ಇಟ್ಟುಕೊಂಡಿದ್ದೆವು. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಮದ್ದಿನ ಸ್ಯಾಂಪಲ್ ಒಂದು ಜೀಪಿನಲ್ಲಿರುತ್ತಿತ್ತು. ಕೆಲಸ ಮುಗಿದ ಮೇಲೆ ಜನರಿಲ್ಲದ ಜಾಗದಲ್ಲಿ ಅದನ್ನು ಬಚ್ಚಿಟ್ಟು, ಹುಡುಕಿಸಿ, ಕೂರಿಸಿ, ಚೆಂಡು ಕೊಟ್ಟೇ ಮನೆಗೆ ಕರೆತರುವುದು. ಇದಕ್ಕೆ ನಮ್ಮಲ್ಲಿ 'ಬೋಣಿ ಮಾಡಿಸುವುದು' ಎನ್ನುತ್ತಿದ್ದರು. ಬೋಣಿಯಾಗದ ಅಂಗಡಿಯವನ ಮುಖ ನೋಡಿದ್ದೀರಲ್ಲ, ಬೋಣಿಯಾಗದ ಬೆಳ್ಳಿಯದೂ ಅದೇ ಮುಖ. ಹೊಸಬರು ಈ ಬೋಣಿಯನ್ನು ಸೋಮಾರಿತನದಿಂದ ಬಿಡುತ್ತಾರೆಂದು ಕೇಳಿದ್ದೇನೆ. ಬಿಡಬೇಡಿ ಕಣ್ರಪ್ಪ. ಅದು ನಾಯಿಯ ಹಕ್ಕು.

ಸಾಹೇಬರುಗಳಲ್ಲಿ ನಾನು ಇಂದಿಗೂ ನೆನೆಯುವುದು ಚೆನ್ನಬಸಪ್ಪನವರನ್ನು. ದಾವಣಗೆರೆ ಕಡೆಯವರು, ದಳದ ಇನ್ಸ್‌ಪೆಕ್ಟರ್. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ಬೈಗುಳ. ಆ ಬೈಗುಳದಲ್ಲಿ ಒಂದು ಚೂರೂ ವಿಷವಿರಲಿಲ್ಲ. ತರಬೇತಿ ಮುಗಿಸಿ ಕೆಲಸಕ್ಕಿಳಿದ ಮೊದಲ ತಿಂಗಳಲ್ಲಿ ಬೆಳ್ಳಿ ಒಬ್ಬ ಪಟಾಕಿ ವ್ಯಾಪಾರಿಯ ಮೂಟೆಯ ಮುಂದೆ ಕೂತಳು. ನಾನು ವರದಿಯಲ್ಲಿ 'ನಾಯಿಯು ಆರೋಪಿಯನ್ನು ಪತ್ತೆ ಹಚ್ಚಿತು' ಎಂದು ಜಂಬದಿಂದ ಬರೆದೆ. ಅವರು ಅದನ್ನು ಓದಿ ನನ್ನನ್ನು ಕರೆಸಿದರು.

"ಏನ್ರೀ ಇದು, ನಾಯಿ ನಿಮ್ಮ ಕಿವ್ಯಾಗ ಬಂದು ಆರೋಪಿ ಅಂತ ಹೇಳ್ತೇನು?"

"ಇಲ್ಲ ಸಾರ್, ಕೂತಿತು."

"ಕೂತಿತು ಅಂತ ಬರೀರಿ ಮತ್ತೆ. ಎಲ್ಲಿ ಕೂತಿತು ಅಷ್ಟು ಬರೀರಿ. ಅದು ವಾಸನೆ ಐತಿ ಅಂತ ಹೇಳೇತಿ. ಕಳ್ಳ ಅಂತ ಹೇಳಿಲ್ಲ. ಆ ತಪ್ಪು ಮಾಡೋಕೆ ನಾವು ಮನುಷ್ಯರು ಇದೀವಲ್ರೀ, ನಾಯಿ ಹೆಗಲ ಮೇಲೆ ಯಾಕೆ ಹಾಕ್ತೀರಿ?"

ಅಂದಿನಿಂದ ನನ್ನ ವರದಿಗಳೆಲ್ಲ ಎರಡೇ ಸಾಲು. ಇದರಿಂದ ಮೇಲಿನವರಿಗೆ ನಾನು ಸೋಮಾರಿಯಂತೆ ಕಂಡೆ. ಬಡ್ತಿಯ ವಿಷಯ ಇಲ್ಲಿ ಬೇಡ.

ಆಗೆಲ್ಲ ಬೆದರಿಕೆ ಬರುತ್ತಿದ್ದುದು ಫೋನಿನಲ್ಲಿ. ಯಾವನೋ ಪರೀಕ್ಷೆಗೆ ಓದದವನು, ಯಾವನೋ ಮಾಲೀಕನ ಮೇಲೆ ಸಿಟ್ಟಾದವನು, ಕಾಯಿನ್ ಬೂತಿನಿಂದ ಮೂಗು ಹಿಡಿದು ಮಾತಾಡುತ್ತಿದ್ದ. ಸಂಜೆಯೊಳಗೆ ಸಿಕ್ಕಿಬೀಳುತ್ತಿದ್ದ. ಒಮ್ಮೆ ಪೀಣ್ಯದಿಂದ ಕರೆ ಬಂತು. ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಯಾರೋ ಸ್ಟೀಲ್ ಕ್ಯಾರಿಯರ್ ಇಟ್ಟುಹೋಗಿದ್ದಾರೆ ಎಂದು. ಪೀಣ್ಯವೆಂದರೆ ನಾಯಿಗಳಿಗೆ ಕಷ್ಟದ ಜಾಗ. ಲೇತ್ ಮೆಷೀನಿನ ಎಣ್ಣೆ, ಸುಟ್ಟ ಕಬ್ಬಿಣ, ಪೇಂಟು, ಎಲ್ಲ ಸೇರಿ ಗಾಳಿಯೇ ಒಂದು ದಪ್ಪ ಕಂಬಳಿ. ಬೆಳ್ಳಿ ಎರಡು ಸುತ್ತು ಹಾಕಿದಳು, ಕೂರಲಿಲ್ಲ. ಕ್ಯಾರಿಯರ್ ಕಡೆ ನೋಡಿ ನಾಲಿಗೆ ಚಪ್ಪರಿಸಿದಳು. ಆದರೆ ನಾಯಿ ಕೂತರೆ ನಂಬಬೇಕು, ಕೂರದಿದ್ದರೆ ಪೂರ್ತಿ ನಂಬಬಾರದು ಎಂಬುದು ನಿಯಮ. ಬಾಂಬ್ ನಿಷ್ಕ್ರಿಯ ಮಾಡುವ ಟೆಕ್ನಿಷಿಯನ್‌ಗಳು ನೀರನ್ನೇ ಗುಂಡಿನಂತೆ ಚಿಮ್ಮಿಸುವ ಬಂದೂಕಿನಿಂದ ದೂರದಿಂದ ಹೊಡೆದು ಕ್ಯಾರಿಯರ್ ಚಿಂದಿ ಮಾಡಿದರು. ಹಿತಕಿದ ಅವರೆಬೇಳೆ ಸಾರು ಟ್ರಾನ್ಸ್‌ಫಾರ್ಮರ್ ಮೇಲೆಲ್ಲ ಚೆಲ್ಲಿತು, ಚೆನ್ನಬಸಪ್ಪನವರ ಟೋಪಿಯ ಮೇಲೂ ಒಂದಿಷ್ಟು. ಹಿಂದೆಯೇ ಒಬ್ಬ ಓಡಿ ಬಂದ. ಎದುರಿನ ಲೇತ್ ಶಾಪಿನ ಮಾಲೀಕ.

"ಸಾರ್, ಅದು ನನ್ನ ಊಟ! ಶಟರ್ ಎತ್ತೋಕಂತ ಕೆಳಗಿಟ್ಟೆ, ಫೋನ್ ಬಂತು, ಮರ್ತ್‌ಬಿಟ್ಟೆ!"

"ಮೊದಲೇ ಬಂದು ಹೇಳಬಾರದೇನ್ರೀ?" ಎಂದರು ನಮ್ಮ ಸಾಹೇಬರು.

"ನೀವೇ ಎಲ್ರೂ ದೂರ ಓಡಿ ಅಂದ್ರಲ್ಲ ಸಾರ್, ಎಲ್ರಿಗಿಂತ ಮುಂದೆ ನಾನೇ ಓಡಿದ್ದು. ಕ್ಯಾರಿಯರ್ ನನ್ನ ಹೆಂಡ್ತಿ ತವರುಮನೇದು. ಈಗ ಮನೆಗೆ ಹೆಂಗ್ ಹೋಗ್ಲಿ ಹೇಳಿ!"

ಚೆನ್ನಬಸಪ್ಪನವರು ಟೋಪಿಯಿಂದ ಒಂದು ಬೇಳೆ ತೆಗೆದು ನೋಡಿ, "ಒಗ್ಗರಣೆ ಚೊಲೋ ಇತ್ತು ಕಾಣ್ತೇತಿ" ಎಂದರು. ಪೀಣ್ಯದಲ್ಲಿ ಈಗ ಮೆಟ್ರೋ ಮೇಲೆ ಹೋಗುವಾಗ ಆ ಜಾಗ ಕಣ್ಣಿಗೆ ಬೀಳುತ್ತದೆ. ಒಬ್ಬನೇ ನಗುತ್ತೇನೆ. ಪಕ್ಕದಲ್ಲಿ ಕೂತವರು ಜರುಗಿ ಕೂರುತ್ತಾರೆ.

ನಗು ಬಾರದ ದಿನಗಳನ್ನೂ ನೋಡಿದ್ದೇನೆ. ಊರಲ್ಲಿ ನಿಜವಾಗಿಯೂ ಸಿಡಿದದ್ದುಂಟು. ಅದನ್ನು ವಿವರಿಸಿ ಬರೆಯಲು ನನ್ನಿಂದಾಗದು. ರಸ್ತೆಯಲ್ಲಿ ಒಂಟಿ ಚಪ್ಪಲಿ ಬಿದ್ದಿದ್ದರೆ ಈಗಲೂ ನಾನು ಆಚೆ ಬದಿಗೆ ದಾಟುತ್ತೇನೆ, ಅಷ್ಟು ಹೇಳಿದರೆ ಸಾಕು. ಆ ದಿನಗಳ ನಂತರ ಕೆಲಸದ ರೀತಿಯೇ ಬದಲಾಯಿತು. ಕಾರಿನ ಕೆಳಗೆ ನೋಡಲು ಕೋಲಿಗೆ ಕನ್ನಡಿ ಕಟ್ಟಿಕೊಂಡು ಹೋಗುತ್ತಿದ್ದ ನಮಗೆ ಸ್ಫೋಟ ತಡೆಯುವ ದಪ್ಪ ಅಂಗಿಗಳು ಬಂದವು, ರೋಬೋಟ್ ಬಂತು, ಮೊಬೈಲ್ ಸಿಗ್ನಲ್ ತಡೆಯುವ ವಾಹನ ಬಂತು, ಬಟ್ಟೆಯಲ್ಲಿ ಒರೆಸಿ ಮದ್ದಿನ ಗುರುತು ಹೇಳುವ ಯಂತ್ರ ಬಂತು. ಟೆಕ್ ಪಾರ್ಕುಗಳ ಗೇಟಿನಲ್ಲಿ ಕಾರಿನ ಹೊಟ್ಟೆ ನೋಡುವ ಗಾರ್ಡುಗಳು ಬಂದರು. ಬಾಡಿಗೆದಾರರ ವಿವರ ಠಾಣೆಗೆ ಕೊಡಬೇಕೆಂದಾಯಿತು. ಇವೆಲ್ಲ ಬೇಕಾದುವೇ, ನಾನು ದೂರುವುದಿಲ್ಲ. ಸರ್ಕಾರವೆಂದರೆ ಬಾಗಿಲು ಕಾಯುವವನು. ಮೊದಲೊಮ್ಮೆ ಕಳ್ಳ ನುಗ್ಗಿದ ಮನೆಯಲ್ಲಿ ಬೀಗ ಜಾಸ್ತಿಯಾಗುತ್ತದೆ. ಆದರೆ ಬೀಗದ ಜೊತೆಗೆ ಇನ್ನೊಂದೂ ಬಂತು. ಯಾರನ್ನು ನೋಡಿದರೂ ಇವನೇ ಇರಬಹುದೇ ಎಂಬ ಕಣ್ಣು. ಅದು ಎಲ್ಲರ ಮೇಲೂ ಒಂದೇ ಸಮ ಬೀಳುತ್ತಿರಲಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಆಮೇಲೆ ಇ-ಮೇಲ್ ಕಾಲ ಬಂತು. ಯಾವ ದೇಶದಲ್ಲಿ ಕೂತವನೋ ಒಂದು ಸಾಲು ಬರೆದರೆ ಎಲೆಕ್ಟ್ರಾನಿಕ್ ಸಿಟಿಯ ನಾಲ್ಕು ಕಟ್ಟಡ ಖಾಲಿ. ಸಾವಿರಾರು ಮಂದಿ ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದರು. ಮೊದಲ ಸಲ ಅಳುತ್ತಾ ಓಡಿ ಬಂದರು. ಎರಡನೇ ಸಲ ಲ್ಯಾಪ್‌ಟಾಪ್ ಹಿಡಿದು ನಡೆದು ಬಂದರು. ಮೂರನೇ ಸಲ ಬಿರಿಯಾನಿ ತರಿಸಿಕೊಂಡರು. ಒಬ್ಬ ಹುಡುಗ ತನ್ನ ಗೆಳೆಯನಿಗೆ, "ಮಗಾ, ಡೆಡ್‌ಲೈನ್ ಇದ್ದಾಗ್ಲೇ ಬಾಂಬ್ ಬರುತ್ತೆ ನೋಡು, ನಮ್ ಮ್ಯಾನೇಜರ್‌ಗೇ ಡೌಟು" ಎಂದದ್ದು ಕೇಳಿ ನಾನೂ ನಕ್ಕೆ. ಆದರೆ ಚೆನ್ನಬಸಪ್ಪನವರು ನಗಲಿಲ್ಲ.

"ತೋಳ ಬಂತು ತೋಳ ಅಂತ ಕೂಗಿ ಕೂಗಿ ಊರಿಗೆ ಅಭ್ಯಾಸ ಆಗ್ಲಿ ಅಂತ ಕಾಯ್ತಾರ ಅವರು. ನಮಗ ಮಾತ್ರ ಅಭ್ಯಾಸ ಆಗಬಾರದ್ರೀ ರಂಗಸ್ವಾಮಿ. ಅವನಿಗೆ ಒಂದು ಮೇಲ್ ಸಾಕು, ನಮಗ ಪ್ರತಿ ಸಲ ಪೂರ್ತಿ ಕಟ್ಟಡ ನೋಡಬೇಕು. ಇದೇ ಅವನ ಲಾಭ."

ಭಯೋತ್ಪಾದನೆಯ ಬಗ್ಗೆ ಆಮೇಲೆ ದೊಡ್ಡ ದೊಡ್ಡ ಉಪನ್ಯಾಸಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಲಿಲ್ಲ. ಆ ವರ್ಷವೇ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಬೆಳ್ಳಿಯ ಕೊರಳಿಗೂ ಒಂದು ಹಾರ ಹಾಕಿಸಿದರು. ಅವಳು ಅದನ್ನು ಫೋಟೋ ತೆಗೆಯುವ ಮೊದಲೇ ತಿಂದುಬಿಟ್ಟಳು.

ಈಗ ಹೂಡಿಯ ವಿಷಯಕ್ಕೆ ಬರುತ್ತೇನೆ. ಹುಡುಗರು ಕೇಳುವ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೊಂದೇ.

ಹೂಡಿಯ ಹತ್ತಿರದ ಒಂದು ಟೆಕ್ ಪಾರ್ಕಿಗೆ ಮೇಲ್ ಬಂದಿತ್ತು. ಎಂದಿನಂತೆ ಜನರೆಲ್ಲ ಹೊರಗೆ. ಬೆಳ್ಳಿ ಮತ್ತು ನಾನು ಮೇಲಿನ ಮಹಡಿಗಳನ್ನು ಮುಗಿಸಿ ಬೇಸ್‌ಮೆಂಟಿಗೆ ಇಳಿದೆವು. ಅಲ್ಲಿ ಹೌಸ್‌ಕೀಪಿಂಗ್‌ನವರ ಕೋಣೆ. ಗೋಡೆಯ ಮೊಳೆಗಳಿಗೆ ಅವರ ಚೀಲಗಳು ಸಾಲಾಗಿ ನೇತಾಡುತ್ತಿದ್ದವು. ಬೆಳ್ಳಿ ಒಂದೊಂದನ್ನೇ ಮೂಸುತ್ತ ಹೋದಳು. ಹಸಿರು ಕ್ಯಾನ್ವಾಸ್ ಚೀಲವೊಂದರ ಕೆಳಗೆ ನಿಂತಳು, ನನ್ನ ಕಡೆ ನೋಡಿದಳು, ಕೂತಳು.

ಕೈ ಎತ್ತಿ ಎಲ್ಲರನ್ನೂ ಹಿಂದೆ ಸರಿಸಿದೆ. ಟೆಕ್ನಿಷಿಯನ್‌ಗಳು ಎಕ್ಸ್‌ರೇ ತೆಗೆದರು. ಚೀಲದಲ್ಲಿದ್ದದ್ದು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಟವೆಲು. ವೈರಿಲ್ಲ, ಬ್ಯಾಟರಿಯಿಲ್ಲ. ಉಸಿರು ಬಿಟ್ಟೆವು. ಆದರೆ ಒರೆಸಿ ನೋಡುವ ಯಂತ್ರವೂ ಬೆಳ್ಳಿಯ ಮಾತನ್ನೇ ಹೇಳಿತು. ಚೀಲದ ಬಟ್ಟೆಯಲ್ಲಿ ಮದ್ದಿನ ಗುರುತಿದೆ. ಬಾಂಬ್ ಇಲ್ಲ, ಆದರೆ ಮದ್ದು ಮುಟ್ಟಿದ ಚೀಲ.

ಅಲ್ಲಿದ್ದ ಎಸಿಪಿ ಸಾಹೇಬರು ಚಿಕ್ಕ ವಯಸ್ಸಿನವರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆ ಬೆಳಗ್ಗೆಯಿಂದ ಅವರ ಫೋನು ಒಂದು ನಿಮಿಷ ಸುಮ್ಮನಿರಲಿಲ್ಲ. ಮೊದಲು ಅವರು ಕೇಳಿದ್ದು ನನ್ನನ್ನೇ: "ರಂಗಸ್ವಾಮಿ, ನಿಮ್ ಸ್ಯಾಂಪಲ್ ಡಬ್ಬಿ ಏನಾದ್ರೂ ಇದಕ್ಕೆ ತಾಗಿದ್ಯಾ?" ಡಬ್ಬಿ ಜೀಪಿನಿಂದ ಇಳಿದಿರಲಿಲ್ಲ. ಆಮೇಲೆ ಕೇಳಿದರು, ಈ ಚೀಲ ಯಾರದು?

ಸಾಲಿನಲ್ಲಿ ನಿಂತ ಕೆಲಸದವರಲ್ಲಿ ಒಬ್ಬ ಮುಂದೆ ಬಂದ. ನಲವತ್ತರ ಆಸುಪಾಸು, ಸಣಕಲು ದೇಹ. "ನಂದ್ರೀ ಸರ."

"ಹೆಸರು?"

"ಮೆಹಬೂಬ್‌ರೀ. ಶಹಾಪುರ ಕಡೇವ."

ಅಲ್ಲಿಯವರೆಗೆ ಚೀಲ ನೋಡುತ್ತಿದ್ದವರೆಲ್ಲ ಈಗ ಅವನನ್ನು ನೋಡಿದರು. ಅವನ ಪಕ್ಕದಲ್ಲಿ ನಿಂತಿದ್ದವರು ಒಂದು ಹೆಜ್ಜೆ ಆಚೆ ಹೋದರು. ಪ್ರಶ್ನೆಗಳೂ ಬದಲಾದವು. ಚೀಲದಲ್ಲಿ ಏನು ತಂದಿದ್ದೆ ಎಂದು ಕೇಳಬೇಕಾದವರು, ಫೋನಿನಲ್ಲಿ ಯಾರ ಯಾರ ನಂಬರಿದೆ, ಯಾವ ಯಾವ ಊರಿಗೆ ಹೋಗಿದ್ದೆ, ಹೊರದೇಶದಲ್ಲಿ ಯಾರಿದ್ದಾರೆ ಎಂದು ಕೇಳತೊಡಗಿದರು. "ನಾ ಏನೂ ಮಾಡಿಲ್ರೀ ಸರ, ಕಸ ಹೊಡೀತೀನ್ರೀ" ಎನ್ನುವುದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಗೇಟಿನ ಹೊರಗೆ ಟಿವಿಯವರ ವ್ಯಾನುಗಳು ನಿಂತಿದ್ದವು. ಅವನನ್ನು ಮುಖಕ್ಕೆ ಬಟ್ಟೆ ಮುಚ್ಚಿ ಆ ಗೇಟಿನಿಂದ ಹೊರಗೆ ತಂದರೆ ಸಾಕು, ಸಂಜೆಯೊಳಗೆ ಅವನ ಹೆಸರು ರಾಜ್ಯಕ್ಕೆಲ್ಲ ಗೊತ್ತಾಗುತ್ತದೆ. ಆಮೇಲೆ ಬಿಟ್ಟರೂ ಬಿಟ್ಟಂತಲ್ಲ. ಅವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅದು ನನಗೆ ಗೊತ್ತಾದದ್ದು ಅವನು ಸಾಹೇಬರ ಕಾಲಿಗೆ ಬೀಳುತ್ತ ಅವರ ಹೆಸರು ಹೇಳಿದ್ದರಿಂದ.

ನನಗೆ ಅವನು ನಿರಪರಾಧಿ ಎಂಬ ಖಾತರಿಯೇನೂ ಇರಲಿಲ್ಲ. ಬೆಳ್ಳಿ ಕೂತಿದ್ದಳಲ್ಲ! ಆದರೂ ಕೇಳಿದೆ: "ಸಾರ್, ಅವನನ್ನೂ ಒಮ್ಮೆ ಮೂಸಿಸಿ ನೋಡ್ಲಾ?" ಸಾಹೇಬರು ತಲೆಯಾಡಿಸಿದರು. ಅವನನ್ನು ಬೇರೆಯವರ ಜೊತೆ ಸಾಲಿನಲ್ಲಿ ನಿಲ್ಲಿಸಿದೆ. ಬೆಳ್ಳಿ ಕೈ ಮೂಸಿದಳು, ಬಟ್ಟೆ ಮೂಸಿದಳು, ಚಪ್ಪಲಿ ಮೂಸಿದಳು, ಮುಂದೆ ಹೋದಳು. ಚೀಲ ಹಿಡಿದಷ್ಟಕ್ಕೆ ತಾಗಿದ ವಾಸನೆ ಸೋಪಿನ ನೀರಲ್ಲಿ ತೊಳೆದು ಹೋದೀತು, ಮದ್ದು ಕಲಸಿದವನ ಕೈಯಾಗಿದ್ದರೆ ಅವಳು ಬಿಡುತ್ತಿರಲಿಲ್ಲ.

"ಹಾಗಾದ್ರೆ ಈ ಚೀಲ ನಿನಗೆ ಎಲ್ಲಿಂದ ಬಂತಯ್ಯ?" ಎಂದು ಸಾಹೇಬರು ಕೇಳಿದರು.

"ಮನಿ ಮಾಲಕರ ಅವ್ವ ಕೊಟ್ಟಾಳ್ರೀ. ನಂದು ಹರದಿತ್ತು. ಬುತ್ತಿ ಒಯ್ಯಾಕ ಇರ್ಲಿ ಅಂತ ಕೊಟ್ಟಾಳ್ರೀ."

ಹೇಗಿದ್ದರೂ ಅವನ ಮನೆಯನ್ನು ಶೋಧಿಸಲೇಬೇಕಿತ್ತು. ಕೈಕೋಳ ಹಾಕಿ, ಹಿಂದಿನ ಗೇಟಿನಿಂದ ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೊರಟೆವು. ಹಿಂದಿನ ಗೇಟು ಎಂದು ಹೇಳಿದವರು ಎಸಿಪಿ ಸಾಹೇಬರೇ.

ಹೂಡಿ ನನಗೆ ಹೊಲಗದ್ದೆಯಿದ್ದಾಗಿನಿಂದ ಗೊತ್ತು. ಈಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಐದು ಮಹಡಿಯ ಪಿ.ಜಿ. ಹಾಸ್ಟೆಲ್. ಅದರ ಮಾಲೀಕ ನಾಗರಾಜ. ಅವನ ತಾಯಿ ಮುನಿಯಮ್ಮ. ಪಿ.ಜಿ.ಯ ಹಿಂದೆ ಅವರ ಹಳೆಯ ಹೆಂಚಿನ ಮನೆಯ ಒಂದು ಭಾಗ ಉಗ್ರಾಣವಾಗಿ ಉಳಿದಿತ್ತು. ಅದಕ್ಕೆ ಅಂಟಿಕೊಂಡೇ ಪಿ.ಜಿ.ಯ ಅಡುಗೆಮನೆ, ಆಚೆಗೆ ಸಾಲು ಶೀಟಿನ ಕೋಣೆಗಳು. ಅಂಥದೊಂದು ಕೋಣೆಯಲ್ಲಿ ಮೆಹಬೂಬನ ಸಂಸಾರ.

ಬೆಳ್ಳಿಯನ್ನು ಕೋಣೆಯೊಳಗೆ ಬಿಟ್ಟೆ. ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕ, ಎಲ್ಲವನ್ನೂ ದಾಟಿದಳು. ಬಾಗಿಲ ಹಿಂದಿನ ಗೋಡೆಯ ಹತ್ತಿರ ಹೋಗಿ ಕೂತಳು. ಅಲ್ಲಿ ಒಂದು ಮೊಳೆ. ಚೀಲ ತೂಗುಹಾಕುವ ಮೊಳೆ.

ಹಗ್ಗವನ್ನು ಒಂದು ಚೂರು ಎಳೆದಿದ್ದರೆ ಅವಳು ಎದ್ದುಬಿಡುತ್ತಿದ್ದಳು, ಹೊರಗಿದ್ದವರಿಗೆ ಕಾಣುತ್ತಲೂ ಇರಲಿಲ್ಲ. ಎಳೆಯಲಿಲ್ಲ. "ಇಲ್ಲಿ ಕೂತಳು ಸಾರ್" ಎಂದೆ. ಮೆಹಬೂಬನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಇನ್ನೂ ಮರೆತಿಲ್ಲ.

ಸಾಹೇಬರು ನಾಗರಾಜನನ್ನು ಕರೆಸಿದರು. ಪೊಲೀಸು, ನಾಯಿ, ಮದ್ದು ಎಂಬ ಮಾತು ಕೇಳಿದ್ದೇ ಅವನ ಬಣ್ಣ ಇಳಿದಿತ್ತು.

"ಈ ಚೀಲ ನಿಮ್ಮ ತಾಯಿ ಕೊಟ್ಟಿದ್ದಂತೆ, ಹೌದೇನ್ರೀ?"

"ಇಲ್ಲ ಸಾರ್! ನಾವ್ಯಾಕ್ ಕೊಡ್ತೀವಿ? ಬಾಡಿಗೆಗೆ ಬಂದೋರು ಏನ್ ಮಾಡ್ತಾರೋ ನಮಗೇನ್ ಗೊತ್ತು? ಇವತ್ತೇ ಖಾಲಿ ಮಾಡಿಸ್ಬಿಡ್ತೀನಿ ಸಾರ್."

ಮುದುಕಿ ಬಾಗಿಲಿಗೆ ಒರಗಿ ನಿಂತಿದ್ದಳು. ಮಗನ ಮುಖ ನೋಡಿದಳು. ಸಾಹೇಬರು ಫೋನ್ ತೆಗೆದರು. ಮೇಲಿನವರಿಗೆ ಒಪ್ಪಿಸುವುದಲ್ಲದೆ ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ. ಕಾನ್‌ಸ್ಟೆಬಲ್ ಒಬ್ಬ ಮೆಹಬೂಬನ ಮುಖಕ್ಕೆ ಹಾಕಲು ಕಪ್ಪು ಬಟ್ಟೆ ಬಿಚ್ಚಿದ. ಅವನ ಚಿಕ್ಕ ಮಗಳು ಅದನ್ನು ಕಂಡು ಕಿಟಾರನೆ ಚೀರಿದಳು.

"ನಿಂತ್ಕ ಸಾಮಿ" ಎಂದಳು ಮುನಿಯಮ್ಮ. "ಆ ಚೀಲ ನಾನೇ ಕೊಟ್ಟಿದ್ದು."

"ಅಮ್ಮಾ, ಸುಮ್ನಿರು ನೀನು!" ನಾಗರಾಜ ಅವಳ ತೋಳು ಹಿಡಿದ. "ಕೇಸ್ ಆಗ್ತದೆ, ಗೊತ್ತಾಗಲ್ವಾ ನಿಂಗೆ?"

ಅವಳು ತೋಳು ಬಿಡಿಸಿಕೊಂಡಳು. "ಆಗ್ಲಿ ಬುಡು. ನಾನೇನ್ ಇನ್ನ ನೂರ್ ವರ್ಸ ಬದುಕ್ತೀನಾ? ಆ ಮಗ ಅಂಗೆ ಅಳ್ತಾ ಐತೆ, ಕಣ್ ಕಾಣಾಕಿಲ್ವಾ ನಿಂಗೆ?" ಆಮೇಲೆ ಸಾಹೇಬರ ಕಡೆ ತಿರುಗಿದಳು. "ನಮ್ಮೆಜಮಾನ್ರು ಬಾವಿ ತೋಡಿಸ್ದಾಗ ಬಂಡೆ ಸಿಕ್ಬುಡ್ತು ಸಾಮಿ. ಬಂಡೆ ಒಡ್ಯಾಕೆ ಮದ್ದು ತಂದಿದ್ ಚೀಲ ಅದು. ಅಟ್ಟದ್ ಮ್ಯಾಲೇ ಇತ್ತು. ಗಟ್ಟಿ ಚೀಲ, ಸುಮ್ಕೆ ಯಾಕಿರಬೇಕು ಅಂತ ಒಗ್ದು ಇವನಿಗೆ ಕೊಟ್ಟೆ."

"ಚೀಲದೊಳಗೆ ಏನಾದ್ರೂ ಇತ್ತಾ ಅಜ್ಜಿ?" ನಾನು ಮೆಲ್ಲಗೆ ಕೇಳಿದೆ.

"ಮೇಣದ್ ಬತ್ತಿ ಇದ್ದಂಗೆ ಒಂದಷ್ಟಿದ್ವು. ಜಿಡ್ ಜಿಡ್ಡು. ತೆಗ್ದು ಅಲ್ಲೇ ಹಳೇ ರಾಗಿ ಗುಡಾಣದಾಗೆ ಆಕಿದ್ದೀನಿ."

ನಮ್ಮ ಟೆಕ್ನಿಷಿಯನ್ ಮುಖ ಸುಣ್ಣದಂತಾಯಿತು. ಬಂಡೆ ಸಿಡಿಸುವ ಹಳೆಯ ಜಿಲೆಟಿನ್ ಕಡ್ಡಿ ಹೀಗೆ ಜಿಡ್ಡು ಬೆವರಿದೆ ಎಂದರೆ, ಅದನ್ನು ಅಲುಗಿಸುವುದೂ ಯಮನ ಬಾಗಿಲು ತಟ್ಟುವುದೂ ಒಂದೇ. ಮುದುಕಿ ಅದನ್ನು ಕೈಯಿಂದ ಎತ್ತಿ ಬೇರೆ ಕಡೆ ಹಾಕಿದ್ದಾಳೆ! ಬೆಳ್ಳಿಯನ್ನು ಉಗ್ರಾಣಕ್ಕೆ ಕರೆದೊಯ್ದೆ. ಏಣಿಯ ಬುಡಕ್ಕೆ ಹೋಗಿ, ಅಟ್ಟದ ಕಡೆ ಮೂಗೆತ್ತಿ, ಕೂತಳು. ಗೋಡೆಯ ಆಚೆ ಪಿ.ಜಿ. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರುಗಳ ಸಾಲು, ಅದರ ಮೇಲೆ ಐದು ಮಹಡಿ ತುಂಬ ಮಲಗೇಳುವ ಹುಡುಗರು.

ಪಿ.ಜಿ. ಖಾಲಿ ಮಾಡಿಸಿ, ಬೀದಿ ಮುಚ್ಚಿಸಿ, ದಪ್ಪ ಅಂಗಿ ತೊಟ್ಟವರು ಆ ಗುಡಾಣವನ್ನು ಹಸುಗೂಸಿನಂತೆ ಇಳಿಸಿ, ಒಣಗಿದ ಕೆರೆಯಂಗಳಕ್ಕೆ ಒಯ್ದು ನಾಶ ಮಾಡಿದರು. ಭೂಮಿ ಸಣ್ಣಗೆ ಅದುರಿತು. ಮೇಲ್ ಕಳಿಸಿದವನ ಬಾಂಬ್ ಆ ದಿನ ಎಲ್ಲೂ ಸಿಗಲಿಲ್ಲ, ಏಕೆಂದರೆ ಅದು ಇರಲೇ ಇಲ್ಲ. ಆ ಪಟಾಕಿ ಮೂಟೆ ಬಿಟ್ಟರೆ, ನನ್ನ ಸೇವೆಯಲ್ಲಿ ಬೆಳ್ಳಿ ಹಿಡಿದ ನಿಜವಾದ ಮದ್ದು ಈ ಬಾವಿಯ ಮದ್ದು ಮಾತ್ರ. ಎಷ್ಟು ಹಿಡಿದಿರಿ ಎಂದು ಕೇಳುವವರಿಗೆ ಇದೇ ನನ್ನ ಲೆಕ್ಕ. ಯಾವ ಭಯೋತ್ಪಾದಕನೂ ಇಡದ ಬಾಂಬ್ ಅದು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮುನಿಯಮ್ಮನ ಮೇಲೆ ಕೇಸೇನೋ ಆಯಿತು. ತಾನಾಗಿ ತೋರಿಸಿಕೊಟ್ಟಳೆಂದು ಎಸಿಪಿ ಸಾಹೇಬರು ಒತ್ತಿ ಬರೆದಿದ್ದರಿಂದ ಅವಳು ಜೈಲು ನೋಡಲಿಲ್ಲ. ನಾಗರಾಜ ಕೋರ್ಟಿಗೆ ಅಲೆದ. ಮೆಹಬೂಬನ ಹೆಸರು ಟಿವಿಯಲ್ಲಿ ಬರಲಿಲ್ಲ. ಆದರೂ ಕಂಟ್ರಾಕ್ಟರ್ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. "ತಪ್ಪಿಲ್ಲ ಅಂತ ಗೊತ್ತು, ಆದ್ರೂ ಯಾಕ್ ಬೇಕು ಸಾರ್ ರಿಸ್ಕು" ಎಂದನಂತೆ. ಮೆಹಬೂಬ ಬೇರೆ ಕಡೆ ತೋಟದ ಕೆಲಸ ಹಿಡಿದ. ಮನೆ ಮಾತ್ರ ಬಿಡಲಿಲ್ಲ, ಮುದುಕಿ ಬಿಡಗೊಡಲಿಲ್ಲ. ಬೆಳ್ಳಿ ನಿವೃತ್ತಳಾದ ಮೇಲೆ ಜಾಲಹಳ್ಳಿಗೆ ನನ್ನ ಮನೆಗೇ ಬಂದಳು. ಕೊನೆಯವರೆಗೂ ಸಂಜೆಗೊಮ್ಮೆ ಹಳೆಯ ಟವೆಲು ಬಚ್ಚಿಟ್ಟು ಹುಡುಕಿಸಿ ಬೋಣಿ ಮಾಡಿಸುತ್ತಿದ್ದೆ. ಅವಳು ಹೋದ ಮೇಲೆ ಬೇರೆ ನಾಯಿ ಸಾಕಲು ನನಗೆ ಮನಸ್ಸಾಗಲಿಲ್ಲ.

ಆದರೆ ಹೊಸಬರಿಗೆ ನಾನು ಹೇಳಬೇಕಾದದ್ದು ಆ ದಿನ, ಹೂಡಿಯಿಂದ ಹೊರಡುವ ಹೊತ್ತಿನದು. ಕೈಕೋಳ ಬಿಚ್ಚಿ ಮೆಹಬೂಬನನ್ನು ಬಿಟ್ಟಿದ್ದರು. ಅವನ ಚಿಕ್ಕ ಮಗಳು ಅವನ ಕಾಲು ತಬ್ಬಿಕೊಂಡಿದ್ದಳು. ಎಸಿಪಿ ಸಾಹೇಬರು ಅವನ ಫೋನನ್ನು ತಾವೇ ತಂದು ಕೊಟ್ಟು ಪಕ್ಕದಲ್ಲೇ ನಿಂತಿದ್ದರು. ನನಗೂ ಸುಮ್ಮನೆ ಹೋಗಲು ಮನಸ್ಸು ಬರಲಿಲ್ಲ. ಅವನಿಗೆ ಇಷ್ಟೆಲ್ಲ ಆದದ್ದು ನನ್ನ ನಾಯಿ ಕೂತದ್ದರಿಂದಲ್ಲವೇ?

"ನಮ್ ನಾಯಿ ಮೇಲೆ ಸಿಟ್ಟಾಗಬೇಡಪ್ಪ" ಎಂದೆ.

ಅವನು ಕುಕ್ಕರಗಾಲಲ್ಲಿ ಕೂತು ಬೆಳ್ಳಿಯ ಮುಂದೆ ಕೈ ಚಾಚಿದ. ಅವಳು ಮೂಸಿ, ಅಂಗೈ ನೆಕ್ಕಿದಳು. ಅವನು ಅವಳ ತಲೆ ಸವರಿದ.

"ಈಕಿ ಮ್ಯಾಲ ಯಾಕ ಸಿಟ್ರೀ ಸರ" ಎಂದ. "ಈಕಿ ಕುಂತಾಗ ನನ್ನ ಹೆಸರು ಕೇಳಿರಲಿಲ್ಲಲ್ರೀ."

ಸಾಹೇಬರೂ ಕೇಳಿಸಿಕೊಂಡರು, ನಾನೂ ಕೇಳಿಸಿಕೊಂಡೆ. ಇಬ್ಬರೂ ತಲೆ ತಗ್ಗಿಸಿಕೊಂಡು ಜೀಪು ಹತ್ತಿದೆವು.